1830ರ ದಶಕದ ರೈಲು: ಎನ್ ಸ್ಕೇಲಾ, ಎಚ್‌ಒ ಸ್ಕೇಲಾ?

ಹಳಿಪ್ರಿಯ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಚ್ಚಿನವರು ಡೀಸೆಲ್, ಎಲೆಕ್ಟ್ರಿಕ್ ಮಾಡೆಲ್ ಇಟ್ಟುಕೊಂಡವರು. ಸ್ಟೀಮ್ ಅಂದರೂ ತೀರಾ ಹಳೆಯದು ಅಂದರೆ ನಮ್ಮ ಮೀಟರ್ ಗೇಜಿನ ವೈಪಿ, ವೈಜಿ ಎಂಜಿನ್. ನನಗೆ ಅದಕ್ಕಿಂತ ತುಂಬಾ ಹಿಂದಕ್ಕೆ ಹೋಗುವ ಆಸೆ. ಅಮೆರಿಕದ ನ್ಯೂಜೆರ್ಸಿಯ ಕ್ಯಾಮ್ಡನ್ ಅಂಡ್ ಆಂಬಾಯ್ ರೈಲ್‌ರೋಡ್, 1833ರ ಆಸುಪಾಸು, ಜಾನ್ ಬುಲ್ ಎಂಜಿನ್. ಅಕ್ಕನ ಮನೆಗೆ ಹೋಗಿದ್ದಾಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಮ್‌ನಲ್ಲಿ ಅಸಲಿ ಎಂಜಿನನ್ನೇ ನೋಡಿದೆ, ಅಲ್ಲಿಂದ ಶುರುವಾದ ಹುಚ್ಚು ಇದು.

ಜಾಗ ಕಡಿಮೆ. ಹಾಲ್‌ನಲ್ಲಿ ಒಂದು ಶೆಲ್ಫ್, ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲ, ಅದರ ಮೇಲೆ ಒಂದಿಂಚೂ ಸಿಗುವುದಿಲ್ಲ ಎಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿಯಾಗಿದೆ. ಹಾಗಾಗಿ ಎಚ್‌ಒ (ಅಸಲಿಯ 87ರಲ್ಲಿ ಒಂದು ಪಾಲು) ಬಿಟ್ಟು ಎನ್ ಸ್ಕೇಲ್ (160ರಲ್ಲಿ ಒಂದು ಪಾಲು) ಅಂದುಕೊಂಡಿದ್ದೇನೆ. ಆದರೆ ಆ ಎಂಜಿನ್‌ನ ಒಳಗೆ ಮೋಟಾರ್ ಎಲ್ಲಿ ಕೂರಿಸುವುದು? ಹಳಿ ರೆಡಿಮೇಡ್ ಹಾಕಿದರೆ ನಡೆಯುತ್ತಾ? ಈ ಕಾಲದ ಮಾಡೆಲ್ ಮಾಡಿದವರು, ಮಾಡಬೇಕು ಅಂತಿರುವವರು ಯಾರಾದರೂ ಇದ್ದರೆ ಹೇಳಿ.

ಬೆಸುಗೆ ಭಟ್ಟ:

ಒಳ್ಳೇ ಹುಚ್ಚು ಹಿಡಿಸಿಕೊಂಡಿದ್ದೀರಿ ಸಾರ್. ಎಂಜಿನ್ ಚಿಂತೆ ಆಮೇಲೆ ಮಾಡೋಣ, ಮೊದಲು ಹಳಿ ನೋಡಿ. ನೋಡುವವರಿಗೆ ಇದು 1833 ಅಂತ ಅನ್ನಿಸುವುದು ಹಳಿಯಿಂದಲೇ. ಈಗಿನ ಟ್ರ್ಯಾಕ್ ಮೇಲೆ ಜಾನ್ ಬುಲ್ ಇಟ್ಟರೆ ಅದು ಮ್ಯೂಸಿಯಮ್‌ನಿಂದ ಮೆರವಣಿಗೆಗೆ ತಂದ ಎಂಜಿನ್ ಥರ ಕಾಣುತ್ತದೆ, ಅಷ್ಟೆ.

ಕ್ಯಾಮ್ಡನ್ ಅಂಡ್ ಆಂಬಾಯ್‌ಗೆ ಆ ಕಂಪನಿಯ ಅಧ್ಯಕ್ಷ ರಾಬರ್ಟ್ ಸ್ಟೀವನ್ಸ್ ಇಂಗ್ಲೆಂಡಿನಿಂದ ತರಿಸಿದ ಹಳಿಯ ಎತ್ತರ ಮೂರೂವರೆ ಇಂಚು. ಒಂದು ಗಜಕ್ಕೆ ತೂಕ 36 ಪೌಂಡ್. ಈಗ ನಾವು ನೋಡುವ ಹಳಿಯ ಹಾಗೇ ಅಗಲ ಬುಡ, ಮೇಲೆ ತಲೆ. ಆ ಆಕಾರ ಹುಟ್ಟಿದ್ದೇ ಅಲ್ಲಿ, 1830ರಲ್ಲಿ ಸ್ಟೀವನ್ಸ್ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವಾಗ ಮರದ ತುಂಡು ಕೆತ್ತುತ್ತಾ ಕೂತು ಮಾಡಿದ್ದು ಎಂದು ಹೇಳುತ್ತಾರೆ. ಈಗ ಲೆಕ್ಕ ಹಾಕಿ. ಮಾಡೆಲ್ ಹಳಿಯ ಕೋಡ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದಲ್ಲಿ ಅದರ ಎತ್ತರ. ಎನ್ ಸ್ಕೇಲ್ 1:160, ಅಲ್ಲಿ ಕೋಡ್ 55 ಹಾಕಿದರೆ ಅಸಲಿಗೆ 8.8 ಇಂಚು ಎತ್ತರದ ಹಳಿ ಆಯಿತು. ಕೋಡ್ 40 ಹಾಕಿದರೂ 6.4 ಇಂಚು. ನಿಮಗೆ ಬೇಕಾಗಿರುವುದು ಕೋಡ್ 22, ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಅದೇ ಎಚ್‌ಒದಲ್ಲಿ, 1:87ರಲ್ಲಿ, ಕೋಡ್ 40 ಅಂದರೆ ಸರಿಯಾಗಿ ಮೂರೂವರೆ ಇಂಚು! ಇಷ್ಟು ಚೆನ್ನಾಗಿ ಕೂತ ಮೇಲೆ ಬೇರೆ ಮಾತೇ ಬೇಡ ಅಲ್ವಾ? ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅದೂ ತೊಂದರೆಯಿಲ್ಲ. ಅವರದ್ದು 4 ಅಡಿ 10 ಇಂಚು, ಎಚ್‌ಒದಲ್ಲಿ 16.9 ಮಿ.ಮೀ. ಆಗುತ್ತದೆ. ಮಾಮೂಲಿ 16.5ರಲ್ಲಿ ಇಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸ್ಲೀಪರ್ ವಿಷಯಕ್ಕೆ ಬನ್ನಿ. ಮೊದಲು ಅಲ್ಲಿ ಮರದ ಸ್ಲೀಪರ್ ಹಾಕುವ ಯೋಚನೆಯೇ ಇರಲಿಲ್ಲ, ಎರಡು ಅಡಿ ಚದರದ ಕಲ್ಲಿನ ದಿಮ್ಮಿಗಳ ಮೇಲೆ ಹಳಿ ಕೂರಿಸುತ್ತಿದ್ದರು. ಆ ಕಲ್ಲು ಕಡಿಯುತ್ತಿದ್ದದ್ದು ನ್ಯೂಯಾರ್ಕಿನ ಸಿಂಗ್ ಸಿಂಗ್ ಜೈಲಿನ ಕೈದಿಗಳು. ಕಲ್ಲು ಬೇಕಾದಷ್ಟು ಬೇಗ ಬರಲಿಲ್ಲ, ಕೆಲಸ ನಿಲ್ಲಬಾರದು ಎಂದು ಸ್ಟೀವನ್ಸ್ ತಾತ್ಕಾಲಿಕವಾಗಿ ಜಲ್ಲಿ ಹಾಕಿ ಅದರ ಮೇಲೆ ಮರ ಅಡ್ಡ ಹಾಕಿಸಿದ. ಅದೇ ಕಲ್ಲಿಗಿಂತ ಚೆನ್ನಾಗಿ ನಿಂತಿತು. ಹಾಗಾಗಿ ನಿಮ್ಮ ಶೆಲ್ಫ್ ಮೇಲೆ ಒಂದು ತುದಿ ಕಲ್ಲು, ಇನ್ನೊಂದು ತುದಿ ಮರ ಇಡಬಹುದು. ನಾನಾದರೆ ಹಾಗೇ ಮಾಡುತ್ತೇನೆ.

ಕಲ್ಲಿನ ಕಡೆ ಮಾಡುವುದು ಹೀಗೆ. 7 ಮಿ.ಮೀ. ಚದರದ ಪ್ಲಾಸ್ಟಿಕ್ ಶೀಟ್ ತುಂಡು ಕತ್ತರಿಸಿ, ಅಂಚನ್ನು ಬ್ಲೇಡಿನಿಂದ ಸ್ವಲ್ಪ ಒಡ್ಡೊಡ್ಡಾಗಿ ಕೆತ್ತಿ. ಪ್ಲಾಸ್ಟಿಕ್ ಗೇಜ್ ಹಿಡಿಯುವುದಿಲ್ಲ. ಅಸಲಿ ಕಲ್ಲೂ ಹಿಡಿಯುತ್ತಿರಲಿಲ್ಲ, ಎರಡು ಕಡೆಯ ಕಲ್ಲಿಗೂ ನಡುವೆ ಸಂಬಂಧವೇ ಇಲ್ಲವಲ್ಲ. ಅದಕ್ಕೇ ಎರಡು ಇಂಚಿಗೊಂದರಂತೆ ಸಣ್ಣ ಪಿಸಿಬಿ (ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡ್) ಪಟ್ಟಿ ಅಡ್ಡ ಹಾಕಿ, ನಡುವೆ ತಾಮ್ರವನ್ನು ಅರದಿಂದ ಉಜ್ಜಿ ಕತ್ತರಿಸಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ಹಳಿಯ ಬುಡಕ್ಕೆ ಮೊದಲೇ ತೆಳ್ಳಗೆ ಸೀಸ ಹಿಡಿಸಿಟ್ಟುಕೊಂಡು, ಹೊರಗಿನಿಂದ ಮಾತ್ರ ಬೆಸುಗೆ ಮುಟ್ಟಿಸಿ. ಒಳಗಡೆ ಒಂದು ಗುಂಡು ನಿಂತರೂ ಚಕ್ರದ ಅಂಚು ಅದಕ್ಕೆ ಬಡಿದು ಗಾಡಿ ಕುಣಿಯುತ್ತದೆ, ಕೋಡ್ 40ರಲ್ಲಿ ಇರುವ ಜಾಗವೇ ಒಂದು ಮಿ.ಮೀ. ಆಮೇಲೆ ಪಟ್ಟಿ ಮುಚ್ಚುವ ಹಾಗೆ ಮಣ್ಣು ತುಂಬಿ. ಆ ಲೈನಿನಲ್ಲಿ 1833ರವರೆಗೆ ಗಾಡಿ ಎಳೆಯುತ್ತಿದ್ದದ್ದು ಕುದುರೆ, ಹಳಿಗಳ ನಡುವೆ ಕುದುರೆ ತುಳಿದ ಮಣ್ಣು ಇದ್ದರೆ ಚಂದವೇ.

ಸಣ್ಣಗೇಜು:

ಭಟ್ಟರ ಲೆಕ್ಕ ಸರಿ, ತೀರ್ಪು ನನಗೆ ಒಪ್ಪಿಗೆಯಿಲ್ಲ. ನಾಲ್ಕು ಅಡಿ ಶೆಲ್ಫ್ ಅಂದರೆ ಎಚ್‌ಒದಲ್ಲಿ 106 ಮೀಟರ್ ಜಾಗ, ಎನ್‌ನಲ್ಲಿ 195. ಹಳೇ ಕಾಲದ ರೈಲಿನ ಮಜಾ ಇರುವುದು ಎಂಜಿನ್ ಎಷ್ಟು ಪುಟ್ಟದು, ಸುತ್ತಲ ಊರು ಎಷ್ಟು ದೊಡ್ಡದು ಎನ್ನುವುದರಲ್ಲಿ. ಹಳಿ ದಪ್ಪ ಆಯಿತು ಅನ್ನುತ್ತೀರಾ, ಮಣ್ಣಿನಲ್ಲಿ ಅರ್ಧ ಹೂತುಬಿಡಿ. ಪಕ್ಕದಲ್ಲಿ ಹುಲ್ಲು ಬೆಳೆಸಿ. ಒಂದು ಅಡಿ ದೂರದಿಂದ ಯಾರು ಸ್ಕೇಲ್ ಹಿಡಿದು ಅಳೆಯುತ್ತಾರೆ?

ಮೋಟಾರ್ ಮಾತ್ರ ಕಷ್ಟ, ಒಪ್ಪುತ್ತೇನೆ. ಜಾನ್ ಬುಲ್ ಬಾಯ್ಲರ್ ಮೂರೂವರೆ ಅಡಿ ದಪ್ಪ, ಅಂದರೆ ಎನ್‌ನಲ್ಲಿ 6.7 ಮಿ.ಮೀ. 6 ಮಿ.ಮೀ. ಕೋರ್‌ಲೆಸ್ ಮೋಟಾರ್ ತೂರಿಸಬಹುದು, ಗೇರ್‌ಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೇ ಎಂಜಿನ್ ಎಳೆಯಬೇಕು ಅನ್ನುವ ಹಟ ಬಿಡಿ. ಹಿಂದಿನ ಡಬ್ಬಿಯಲ್ಲಿ ಮೋಟಾರ್ ಇಟ್ಟು ಎಂಜಿನನ್ನು ತಳ್ಳಿಸಿ, ಎಂಜಿನ್ ಚಕ್ರ ಸುಮ್ನೆ ಉರುಳಲಿ. ಕರೆಂಟೂ ಡಬ್ಬಿಗಳ ಚಕ್ರದಿಂದಲೇ ತೆಗೆದುಕೊಳ್ಳಿ. ನಾಲ್ಕು ಚಕ್ರದ ಹಗುರ ಎಂಜಿನ್ ಒಂದನ್ನೇ ನಂಬಿದರೆ ಧೂಳಿನ ಕಣ ಸಿಕ್ಕಿದಲ್ಲೆಲ್ಲ ನಿಲ್ಲುತ್ತದೆ.

ಬೆಸುಗೆ ಭಟ್ಟ:

ಹುಲ್ಲು ಬೆಳೆಸಿ ಮುಚ್ಚುವುದಾದರೆ ಹಳಿಯೇ ಬೇಡವಲ್ಲ ಮಾರಾಯ್ರೆ!

ತಳ್ಳಿಸುವ ಉಪಾಯ ಮಾತ್ರ ಒಳ್ಳೇದು, ಎಚ್‌ಒದಲ್ಲೂ ಅದೇ ಮಾಡಿ. ಇದಕ್ಕೆ ಜಾನ್ ಬುಲ್ ಕಥೆಯಲ್ಲೇ ಒಂದು ಅನುಕೂಲ ಇದೆ. 1831ರಲ್ಲಿ ಇಂಗ್ಲೆಂಡಿನಿಂದ ಎಂಜಿನ್ ಬಿಡಿ ಭಾಗವಾಗಿ ಬಂತು, ಜೋಡಿಸುವ ಡ್ರಾಯಿಂಗ್ ಬರಲಿಲ್ಲ, ನೀರು, ಸೌದೆ ಹೊರುವ ಟೆಂಡರ್ ಗಾಡಿಯೂ ಬರಲಿಲ್ಲ. ಐಸಾಕ್ ಡ್ರಿಪ್ಸ್ ಎಂಬ ಹುಡುಗ, ಅಲ್ಲಿಯವರೆಗೆ ರೈಲು ಎಂಜಿನ್ನೇ ನೋಡಿರದವನು, ಅದನ್ನು ಜೋಡಿಸಿದ. ನೀರಿಗೆ ನಾಲ್ಕು ಚಕ್ರದ ಗಾಡಿ ಮೇಲೆ ವಿಸ್ಕಿ ಪೀಪಾಯಿ ಇಟ್ಟು, ಬೋರ್ಡನ್‌ಟೌನ್‌ನ ಶೂ ಹೊಲಿಯುವವನ ಹತ್ತಿರ ಚರ್ಮದ ಪೈಪು ಹೊಲಿಸಿ ಎಂಜಿನ್‌ಗೆ ಜೋಡಿಸಿದ. ನಿಮ್ಮ ಮೋಟಾರ್ ಆ ಪೀಪಾಯಿ ಒಳಗೆ ನಿಲ್ಲಿಸಿ, ಶಾಫ್ಟ್ ಕೆಳಗೆ ಇಳಿದು ಗೇರ್ ಮೂಲಕ ಗಾಡಿಯ ಅಚ್ಚು ತಿರುಗಿಸಲಿ. 8 ಮಿ.ಮೀ. ಮೋಟಾರ್, ಆಟಿಕೆ ಡ್ರೋನ್‌ನಲ್ಲಿ ಬರುವಂಥದ್ದು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಆದರೆ ಅದು ಸುಮಾರು 3 ವೋಲ್ಟಿನದು, 12 ವೋಲ್ಟ್ ಕಂಟ್ರೋಲರ್‌ಗೆ ನೇರ ಕೊಟ್ಟರೆ ಹೊಗೆ ಚಿಮಣಿಯಿಂದ ಬರುವುದಿಲ್ಲ, ಪೀಪಾಯಿಯಿಂದ ಬರುತ್ತದೆ.

ಕೆಜಿಎಫ್ ಪ್ಯಾಸೆಂಜರ್:

ಪೀಪಾಯಿ ಬೇಕಾದರೆ ವರ್ಷ 1831 ಆಗಬೇಕು, 1833 ಅಂದರೆ ಎಂಜಿನ್ ಮುಂದೆ ತಿರುವಿನಲ್ಲಿ ಎಂಜಿನ್‌ಗೆ ದಾರಿ ತೋರಿಸುವ ಎರಡು ಚಕ್ರದ ಪೈಲಟ್ ಗಾಡಿ ಬಂದಿರುತ್ತದೆ. ಅದನ್ನೂ ಸೇರಿಸಿದ್ದು ಡ್ರಿಪ್ಸ್. ಅದಕ್ಕಾಗಿ ಚಕ್ರಗಳನ್ನು ಜೋಡಿಸುವ ರಾಡ್ ತೆಗೆದುಹಾಕಿದ್ದರು. ನಿಮಗೆ ಕೆಲಸ ಕಡಿಮೆ! ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ, ಈ ಕಾಲದಲ್ಲಿ ಎರಡೇ ವರ್ಷಕ್ಕೆ ಎಲ್ಲ ಬದಲಾಗುತ್ತದೆ.

ಇನ್ನೊಂದು, ಅಭ್ಯಾಸಬಲದಿಂದ ಟೆಲಿಗ್ರಾಫ್ ಕಂಬ ನೆಟ್ಟುಬಿಡಬೇಡಿ. ಮೋರ್ಸ್‌ನ ವಾಷಿಂಗ್ಟನ್–ಬಾಲ್ಟಿಮೋರ್ ಲೈನ್ ಬಂದದ್ದೇ 1844ರಲ್ಲಿ. ಸಿಗ್ನಲ್ ಕೈ ಬೇಡ. ಕಲ್ಲಿದ್ದಲ ರಾಶಿ ಬೇಡ, ಸೌದೆ ಒಟ್ಟಿ. ಡಬ್ಬಿಗಳ ನಡುವೆ ಈಗಿನ ಕಪ್ಲರ್ ಹಾಕಿದರಂತೂ ಮಾಡಿದ್ದೆಲ್ಲ ವ್ಯರ್ಥ, ಸಣ್ಣ ಸರಪಳಿ ಸಾಕು. ಹಿಂದಕ್ಕೆ ತಳ್ಳುವಾಗ ಸರಪಳಿ ಸಡಿಲವಾಗಿ ಗಾಡಿ ಹಳಿ ತಪ್ಪುತ್ತದೆ, ಅದಕ್ಕೆ ಸರಪಳಿಯನ್ನು ಬೆಸೆದು ಗಟ್ಟಿ ಮಾಡಿಬಿಡಿ.

ನಮ್ಮ ಕಡೆಯದನ್ನೂ ಯಾರಾದರೂ ಮಾಡಿ ಅಂತ ನನ್ನ ಆಸೆ. ಜೋಲಾರಪೇಟೆ–ಬೆಂಗಳೂರು ದಂಡು ಲೈನ್, 1864. ಐದೂವರೆ ಅಡಿ ಗೇಜ್ ಆದ್ದರಿಂದ ಎನ್‌ನಲ್ಲಿ 10.5 ಮಿ.ಮೀ. ಬೇಕು, ಎಚ್‌ಒದಲ್ಲಿ 19.3. ರೆಡಿ ಚಕ್ರ ಸಿಗುವುದಿಲ್ಲ, ಅಚ್ಚು ಕೂಡ ಕೈಯಲ್ಲೇ ಮಾಡಬೇಕು. ಆ ಲೆಕ್ಕದಲ್ಲಿ ಹಳಿಪ್ರಿಯ ಅವರೇ, ನಿಮ್ಮದು ಸುಲಭದ ದಾರಿ.

ಹಳಿಪ್ರಿಯ:

ಎಲ್ಲರಿಗೂ ಧನ್ಯವಾದ. ಓದಿ ಓದಿ ಮನಸ್ಸು ಬದಲಾಯಿತು. ಎಚ್‌ಒ, ಕೋಡ್ 40, ವರ್ಷ 1831. ಪೀಪಾಯಿ ಬಿಡಲು ಮನಸ್ಸಿಲ್ಲ. ಸಣ್ಣಗೇಜು ಅವರು ಬೇಜಾರು ಮಾಡಿಕೊಳ್ಳಬೇಡಿ, ನೀವು ಹೇಳಿದ ಊರಿನ ಮಾತು ತಲೆಯಲ್ಲಿದೆ.

ಒಂದು ಅಡಿ ಅಗಲದಲ್ಲಿ ಸುತ್ತು ಹಾಕಲು ಆಗುವುದಿಲ್ಲ. ಹೋಗಿ ಬರುವುದಷ್ಟೇ ಆದರೆ ಬೋರ್ ಆಗುತ್ತಾ? ಮತ್ತೆ, ಬಾಕ್‌ಮನ್ ಕಂಪನಿ ಹಿಂದೆ ಎಚ್‌ಒದಲ್ಲಿ ಜಾನ್ ಬುಲ್ ಸೆಟ್ ಮಾಡಿತ್ತಲ್ಲ, ಸೆಕೆಂಡ್ ಹ್ಯಾಂಡ್ ತಗೊಂಡರೆ ಹೇಗೆ?

ಸಣ್ಣಗೇಜು:

ಬೇಜಾರೇನಿಲ್ಲ, ಆದರೆ ಶೆಲ್ಫ್ ತುಂಬಿದ ಮೇಲೆ ನನ್ನ ಮಾತು ನೆನಪಾಗುತ್ತದೆ ನೋಡಿ.

ಸುತ್ತು ಬೇಡವೇ ಬೇಡ. ಆ ಕಂಪನಿಯ ವ್ಯವಹಾರವೇ ದೋಣಿಯಿಂದ ದೋಣಿಗೆ. ನ್ಯೂಯಾರ್ಕಿನಿಂದ ಸೌತ್ ಆಂಬಾಯ್‌ವರೆಗೆ ಸ್ಟೀಮ್‌ಬೋಟ್, ಅಲ್ಲಿಂದ ಬೋರ್ಡನ್‌ಟೌನ್‌ಗೆ ರೈಲು, ಅಲ್ಲಿಂದ ಡೆಲವೇರ್ ನದಿಯಲ್ಲಿ ಮತ್ತೆ ಸ್ಟೀಮ್‌ಬೋಟ್ ಹತ್ತಿ ಫಿಲಡೆಲ್ಫಿಯಾ. ಹಾಗಾಗಿ ಒಂದು ತುದಿಗೆ ನದಿ ಕಟ್ಟೆ, ಮರದ ಜೆಟ್ಟಿ, ಇನ್ನೊಂದು ತುದಿ ಮರಗಳ ಹಿಂದೆ ಮರೆಯಾಗಲಿ. ದೋಣಿಯನ್ನು ಅರ್ಧ ಕತ್ತರಿಸಿ ಶೆಲ್ಫ್ ಅಂಚಿಗೆ ನಿಲ್ಲಿಸಿದರೆ ಜಾಗವೂ ಉಳಿಯುತ್ತದೆ. ಜನರನ್ನು ಜೆಟ್ಟಿಯಲ್ಲೇ ಜಾಸ್ತಿ ನಿಲ್ಲಿಸಿ. 1831ರ ನವೆಂಬರ್ 12ರಂದು ಬೋರ್ಡನ್‌ಟೌನ್‌ನಲ್ಲಿ ಊರಿನ ದೊಡ್ಡ ಮನುಷ್ಯರನ್ನು ಕೂರಿಸಿ ಓಡಿಸಿ ತೋರಿಸಿದ್ದರು. ನೆಪೋಲಿಯನ್ನನ ಅಣ್ಣ ಜೋಸೆಫ್ ಆಗ ಅದೇ ಊರಿನಲ್ಲಿ ಬಂಗಲೆ ಕಟ್ಟಿಸಿಕೊಂಡಿದ್ದ, ಅವನ ಸೋದರಳಿಯ ಮ್ಯೂರಾ ದಂಪತಿ ಆ ದಿನ ಗಾಡಿ ಹತ್ತಿದವರಲ್ಲಿದ್ದರು. ಫ್ರೆಂಚ್ ಉಡುಪಿನ ಇಬ್ಬರನ್ನು ಡಬ್ಬಿಯಲ್ಲಿ ಕೂರಿಸಿ, ಕೇಳಿದವರಿಗೆ ಕಥೆ ಹೇಳಬಹುದು.

ಬೆಸುಗೆ ಭಟ್ಟ:

ಆ ಸೆಟ್ ಸಿಕ್ಕರೆ ತಗೊಳ್ಳಿ, ಮೇಲಿನ ಭಾಗಕ್ಕೆ ಅಷ್ಟೇ. ಹಳೇ ಮಾಡೆಲ್‌ಗಳ ಚಕ್ರದ ಅಂಚು ಆಳ ಜಾಸ್ತಿ, ಕೋಡ್ 40 ಮೇಲೆ ಓಡಿಸುವ ಮೊದಲು ಚಕ್ರ ಬದಲಾಯಿಸಬೇಕಾಗುತ್ತದೆ. ಅಸಲಿಯ ದೊಡ್ಡ ಚಕ್ರ ನಾಲ್ಕೂವರೆ ಅಡಿ, ಎಚ್‌ಒಗೆ 15.8 ಮಿ.ಮೀ. ಮರದ ಕಡ್ಡಿಗಳು (ಸ್ಪೋಕ್), ಸುತ್ತ ಕಬ್ಬಿಣದ ಪಟ್ಟಿ. ಆದ್ದರಿಂದ ಕಪ್ಪು ಬಳಿಯಬೇಡಿ, ಮರದ ಬಣ್ಣ ಕೊಟ್ಟು ಅಂಚಿಗೆ ಮಾತ್ರ ಲೋಹ ಬಿಡಿ. ಹಳಿಗೆ ಮೈಕ್ರೋ ಎಂಜಿನಿಯರಿಂಗ್ ಕಂಪನಿಯ ಕೋಡ್ 40 ಕೇಳಿ, ಅಮೆರಿಕದಿಂದಲೇ ತರಿಸಬೇಕು.

ಹಳಿಪ್ರಿಯ:

ಅಕ್ಕ, ಭಾವ ರಜೆಗೆ ಬರುತ್ತಿದ್ದಾರೆ, ಅವರ ಕೈಲಿ ತರಿಸುತ್ತೇನೆ. ಹಳಿ ಮೂರು ಅಡಿ ಉದ್ದ ಇದೆಯಂತೆ, ಸೂಟ್‌ಕೇಸಿಗೆ ಹಿಡಿಯುವುದಿಲ್ಲ ಅಂತ ಭಾವ ಈಗಲೇ ರಾಗ ಎಳೆಯುತ್ತಿದ್ದಾರೆ.

ಬೆಸುಗೆ ಭಟ್ಟ:

ಕತ್ತರಿಸಿಕೊಂಡು ಬರಲು ಹೇಳಿ. ಸ್ಟೀವನ್ಸ್ ತರಿಸಿದ ಹಳಿ ಒಂದೊಂದೂ 16 ಅಡಿ, ನಿಮ್ಮ ಸ್ಕೇಲಿನಲ್ಲಿ 56 ಮಿ.ಮೀ. ಅಷ್ಟಕ್ಕೊಂದು ಜಾಯಿಂಟ್ ಹೇಗೂ ತೋರಿಸಲೇಬೇಕು.