ಒರಿಜಿನಲ್ ಪಿಎಸ್1 ಡಿಸ್ಕಿಗೂ ‘ಹ್ಯಾಕ್ ಆದ ಪ್ರತಿ’ ಅಂತ ಬರ್ತೈತಿ, ಯಾಕೆ?

ಬೆಣ್ಣೆನಗರಿ_ಗೇಮರ್, ದಾವಣಗೆರೆ:
ಪಿಎಸ್1 (ಸೋನಿ ಪ್ಲೇಸ್ಟೇಷನ್) ಗೇಮ್ ಸ್ಪೈರೋ: ಇಯರ್ ಆಫ್ ದ ಡ್ರ್ಯಾಗನ್, ಯುರೋಪಿನ ಪ್ಯಾಲ್ (ಅಲ್ಲಿನ ಟಿವಿ ಪದ್ಧತಿ) ಡಿಸ್ಕ್, ಕಪ್ಪು ತಳದ ಒರಿಜಿನಲ್. ಐಎಸ್‌ಒ (ಡಿಸ್ಕಿನ ಪ್ರತಿ ಇರೋ ಫೈಲ್) ಮಾಡಿ, ಪಿಎಸ್1 ಗೇಮನ್ನ ಕಂಪ್ಯೂಟರಿನಾಗೆ ಆಡಿಸೋ ಡಕ್‌ಸ್ಟೇಷನ್‌ಗೆ ಹಾಕಿದ್ರೆ ಸಂಗೀತ ಬರಲ್ಲ. ಶುರುವಿನಾಗೇ ಜೋಯಿ ಅನ್ನೋ ಕಿನ್ನರಿ ಬಂದು ಇದು ಹ್ಯಾಕ್ ಆದ ಪ್ರತಿ ಇರಬಹುದು ಅಂತಾಳೆ. ಡಿಸ್ಕಿನ ಮೇಲೆ ಒಂದು ಗೀರೂ ಇಲ್ಲ. ಬಲ್ಲವ್ರು ಹೇಳ್ರಿ.

ದುರ್ಗದ_ಡಂಪರ್, ಚಿತ್ರದುರ್ಗ:
ಎರಡು ಬೇರೆ ಬೇರೆ ತೊಂದ್ರೆ ಅಣ್ಣ. ಐಎಸ್‌ಒ ಒಂದು ಸೆಕ್ಟರಿಗೆ (ಡಿಸ್ಕಿನ ಒಂದು ತುಣುಕಿಗೆ) 2048 ಬೈಟ್ ಮಾತ್ರ ಇಟ್ಕೊಳ್ಳುತ್ತೆ. ಸಂಗೀತ ಇರೋ ಎಕ್ಸ್‌ಎ ಅನ್ನೋ ಬಗೆಯ ಸೆಕ್ಟರಿನಲ್ಲಿ 2324 ಬೈಟ್ ಇರುತ್ತೆ, ಮಿಕ್ಕಿದ್ದು ಕತ್ತರಿಸಿ ಹೋಗುತ್ತೆ. ಡಿಸ್ಕ್ ಓದೋ ತಂತ್ರಾಂಶ ಇಮ್ಗ್‌ಬರ್ನ್‌ನ ರೀಡ್ ಮೋಡ್‌ನಲ್ಲಿ ವೇಗ 8ಎಕ್ಸ್‌ಗೆ ಇಳಿಸಿ ಬಿನ್/ಕ್ಯೂ (ಪೂರ್ತಿ ಸೆಕ್ಟರುಗಳ ಫೈಲ್, ಜೊತೆಗೆ ಅದರ ಪಟ್ಟಿ) ತೆಗೀರಿ. ಬಿನ್ ಫೈಲಿನ ಗಾತ್ರ ಒಂದು ಪೂರ್ತಿ ಸೆಕ್ಟರಿನ 2352 ಬೈಟಿನಿಂದ ಶೇಷ ಉಳಿಯದೆ ಭಾಗ ಹೋಗ್ಬೇಕು.

ಕಿನ್ನರಿ ಬರೋದು ಲಿಬ್‌ಕ್ರಿಪ್ಟ್ ಅನ್ನೋ ಕಾಪಿ ತಡೆಯಿಂದ. ಕಾಪಿ ಡಿಸ್ಕನ್ನ ಪಿಎಸ್1 ತಡೀತಿದ್ದದ್ದು ಲೀಡ್-ಇನ್‌ನಲ್ಲಿರೋ (ಡಿಸ್ಕಿನ ಶುರುವಿನ ಭಾಗ) ವಾಬಲ್ (ಹಾದಿಯ ಅಲುಗಾಟ) ಗುರುತಿನಿಂದ. ಕನ್ಸೋಲಿಗೆ ಬೆಸೆಯೋ ಮಾಡ್‌ಚಿಪ್ ಆ ಗುರುತನ್ನ ನಕಲಿ ಮಾಡಿ ತೋರಿಸ್ತು. ಆಮೇಲೆ ಪ್ಯಾಲ್ ಡಿಸ್ಕುಗಳಲ್ಲಿ ಕೆಲವು ಸೆಕ್ಟರುಗಳ ಸಬ್‌ಚಾನೆಲ್‌ನ (ಸೆಕ್ಟರಿನ ಜೊತೆಗಿರೋ ಹೆಚ್ಚುವರಿ ಮಾಹಿತಿ) ಬೇಕಂತಲೇ ಕೆಡಿಸಿಟ್ರು. ಅವುಗಳಿಂದ ಗೇಮ್ 16 ಬಿಟ್‌ನ ಕೀಲಿ ಓದ್ಕೊಳ್ಳುತ್ತೆ. ಬಿನ್ ಫೈಲಿನಲ್ಲಿ ಸಬ್‌ಚಾನೆಲ್ಲೇ ಇರಲ್ಲ, ಹಂಗಾಗಿ ನಿಮ್ಮ ಒರಿಜಿನಲ್ಲೂ ಕಾಪಿ ಥರಾನೇ ಕಾಣುತ್ತೆ. ಡಿಸ್ಕಿನ ಮೇಲಿರೋ ಎಸ್‌ಸಿಇಎಸ್ ಸಂಖ್ಯೆಗೆ ಹೊಂದೋ, ಆ ಕೆಡಿಸಿದ ಸಬ್‌ಚಾನೆಲ್ ಮಾಹಿತಿ ಇರೋ ಎಸ್‌ಬಿಐ ಫೈಲ್ ಬೇಕು. ಒಂದು ಕೆಬಿಗಿಂತ ಕಡಿಮೆ ಅಷ್ಟೆ, ಗೇಮ್ ಅದರಲ್ಲಿ ಇರಲ್ಲ. ಸ್ಪೈರೋ3.ಕ್ಯೂ ಪಕ್ಕದಲ್ಲೇ ಸ್ಪೈರೋ3.ಎಸ್‌ಬಿಐ ಇಡ್ರಿ, ಹೆಸರು ಅಕ್ಷರಶಃ ಒಂದೇ ಇರ್ಲಿ.

ಪಿಜೆ_ಬಡಾವಣೆ, ದಾವಣಗೆರೆ:
ಇದರ ಬದಲು ನೆಟ್‌ನಲ್ಲಿ ಸಿಗೋ ಕ್ರ್ಯಾಕ್ (ಕಾಪಿ ತಡೆ ಮುರಿಯೋ) ಪ್ಯಾಚ್ ಹಾಕೋಕೆ ಹೋಗಬೇಡ್ರಿ. 2000ದಲ್ಲಿ ಬಂದ ಈ ಗೇಮಿಗೆ ಸರಿಯಾದ ಕ್ರ್ಯಾಕ್ ಬರೋಕೆ ಎರಡು ತಿಂಗಳ ಮೇಲೇ ಹಿಡೀತು. ಗೇಮ್ ಮಾಡಿದ ಇನ್‌ಸಾಮ್ನಿಯಾಕ್‌ನವ್ರು ಪರೀಕ್ಷೆಗಳನ್ನ ಪದರ ಪದರವಾಗಿ ಹೂತಿಟ್ಟಿದ್ರು. ಒಂದು ಪದರ ತಪ್ಪಿದ್ರೂ ಮೊಟ್ಟೆ, ರತ್ನ ಮಾಯ ಆಗ್ತಾವು, ಭಾಷೆ ಬದಲಾಗ್ತೈತಿ, ಕೊನೇ ಮಾಂತ್ರಿಕಿ ಹತ್ರ ಸೇವ್ ಅಳಿಸಿ ಮೊದಲಿಗೆ ಎಸೀತೈತಿ. ತುಂಬಾ ಅಚ್ಚುಕಟ್ಟಾದ ಕೆಲಸ ಅದು.

ಕಾನೂನು ನೋಡಿದ್ರೆ, ಕಾಯ್ದೆಬದ್ಧವಾಗಿ ಕೊಂಡ ಪ್ರತಿಯಿಂದ ಸ್ವಂತಕ್ಕೆ, ವ್ಯಾಪಾರಕ್ಕಲ್ಲದೆ ಕಾಪಿ ಮಾಡ್ಕೊಳ್ಳೋಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡ್ತೈತಿ. ಉಲ್ಲಂಘಿಸೋ ಉದ್ದೇಶದಿಂದ ರಕ್ಷಣೆ ಮುರಿದ್ರೆ 65ಎ ಪ್ರಕಾರ ಎರಡು ವರ್ಷದವರೆಗೆ ಜೈಲು, ದಂಡ. 512 ಕೆಬಿ ಬಯೋಸ್ (ಕನ್ಸೋಲ್ ಶುರು ಮಾಡೋ ತಂತ್ರಾಂಶ) ಕೂಡ ನಿಮ್ಮ ಕನ್ಸೋಲಿಂದಲೇ ತೆಗೀರಿ.

ಬೆಣ್ಣೆನಗರಿ_ಗೇಮರ್:
ಸಂಗೀತ ಬಂತು! ಎಸ್‌ಬಿಐ ಇಟ್ಟ ಮೇಲೂ ಜೋಯಿ ಬರ್ತಾಳಲ್ಲ?

ದುರ್ಗದ_ಡಂಪರ್:
ಸೇವ್ ಸ್ಟೇಟ್ (ಡಕ್‌ಸ್ಟೇಷನ್ ಉಳಿಸಿಟ್ಟ ಆಟದ ಆ ಕ್ಷಣದ ಸ್ಥಿತಿ) ಲೋಡ್ ಮಾಡ್ತಿದ್ದೀರಾ? ಅದು ಹಳೇ ಮೆಮೊರಿನೇ ವಾಪಸ್ ತರುತ್ತೆ. ಗೇಮ್ ಹೊಸದಾಗಿ ಬೂಟ್ ಮಾಡ್ರಿ. ಮುಂದೆ ಸಿಎಚ್‌ಡಿಮ್ಯಾನ್ ತಂತ್ರಾಂಶದಿಂದ ಸಿಎಚ್‌ಡಿ (ಕುಗ್ಗಿಸಿದ ಫೈಲ್) ಮಾಡಿದ್ರೂ ಎಸ್‌ಬಿಐ ಅದರೊಳಗೆ ಸೇರಲ್ಲ, ಪಕ್ಕದಲ್ಲೇ ಇರ್ಲಿ.