ಕರೆಂಟ್ ಹೋದರೆ ನಮ್ಮ ಆಯಿಗೆ ಕಿವಿ ಕೇಳಿಸಲ್ಲ, ಯಾಕೆ?

ಬ್ರಹ್ಮಪುರದ ಹುಡುಗಿ:
ನಗಬೇಡಿ. ನಮ್ಮದು ಕಲಬುರಗಿ. ಬೇಸಿಗೆಯಲ್ಲಿ ರಾತ್ರಿ ಕರೆಂಟ್ ಹೋಗೋದು ಹೊಸದೇನಲ್ಲ. ಆಯಿಗೆ 78 ವರ್ಷ, ಕಿವಿ ಸ್ವಲ್ಪ ಮಂದ. ಆದರೂ ಲೈಟ್ ಇದ್ದಾಗ ಎದುರು ಕೂತು ಮಾತಾಡಿದರೆ ಎಲ್ಲಾ ಕೇಳಿಸುತ್ತದೆ. ಕರೆಂಟ್ ಹೋಯಿತೋ, ಕಿವಿಯೂ ಹೋಯಿತು! ಮೊನ್ನೆ ಕತ್ತಲಲ್ಲಿ "ಆಯಿ, ಮೂರು ರೊಟ್ಟಿ ಸಾಕು" ಅಂದೆ. "ನೂರು ರೊಟ್ಟಿ ಯಾರವ್ವ ಬಡಿಯೋರು?" ಅಂತ ಬೈದಳು. ಫ್ಯಾನ್ ನಿಂತು ಮನೆ ಇನ್ನೂ ಶಾಂತವಾಗಿರುತ್ತದೆ, ಜಾಸ್ತಿ ಚೆನ್ನಾಗಿ ಕೇಳಿಸಬೇಕಲ್ವಾ? ಅಪ್ಪ "ಎಲ್ಲಾ ನಾಟಕ" ಅಂತಾರೆ. ನನಗೆ ಹಾಗನಿಸಲ್ಲ.

ಬೀದರ್ ಮಾಸ್ತರ್:
ನಾಟಕ ಅಲ್ಲ ತಂಗಿ. "ಮೂರು" ಅನ್ನುವಾಗ ಮೊದಲು ತುಟಿ ಮುಚ್ಚುತ್ತದೆ. "ನೂರು" ಅನ್ನುವಾಗ ಮುಚ್ಚಲ್ಲ. ಮಂದ ಕಿವಿಗೆ ಮ, ನ ಎರಡೂ ಒಂದೇ ಥರ. ಆ ವ್ಯತ್ಯಾಸವನ್ನು ನಿಮ್ಮ ಆಯಿ ಕಣ್ಣಿನಿಂದ ಹಿಡಿಯುತ್ತಿದ್ದರು, ಅವರಿಗೇ ಗೊತ್ತಿಲ್ಲದೆ. ಇದರ ಉಲ್ಟಾನೂ ಇದೆ. ಪ, ಬ, ಮ ಮೂರೂ ತುಟಿ ಮೇಲೆ ಒಂದೇ ಥರ ಕಾಣುತ್ತವೆ, ಅಲ್ಲಿ ಕಿವಿಯೇ ಬೇಕು. ಕಣ್ಣು ಕಂಡದ್ದನ್ನೂ ಕಿವಿಗೆ ಬಿದ್ದದ್ದನ್ನೂ ಮಿದುಳು ಕೂಡಿಸಿಬಿಡುತ್ತದೆ. ನಮಗೆ ಮಾತ್ರ ಎಲ್ಲಾ ಕಿವಿಯಿಂದಲೇ ಬಂತು ಅನಿಸುತ್ತದೆ.

1976ರಲ್ಲಿ ಹ್ಯಾರಿ ಮೆಕ್‌ಗರ್ಕ್, ಜಾನ್ ಮೆಕ್‌ಡೊನಾಲ್ಡ್ ಅನ್ನೋರು ಇದನ್ನೇ ತೋರಿಸಿದರು. "ಗ ಗ" ಅನ್ನುವ ಮುಖಕ್ಕೆ "ಬ ಬ" ಧ್ವನಿ ಜೋಡಿಸಿದರು. ನೋಡಿದ ಬಹಳ ಮಂದಿಗೆ ಕೇಳಿಸಿದ್ದು "ಡ ಡ". ಯಾರೂ ಹೇಳದ ಅಕ್ಷರ!

ಶಹಾಪುರದವ:
ಆ ಥರದ ವಿಡಿಯೋ ನಾನೂ ನೋಡಿದ್ದೇನೆ. ಗುಟ್ಟು ಗೊತ್ತಿದ್ದರೂ "ಡ" ಅಂತಲೇ ಕೇಳಿಸಿತು. ಕಣ್ಣು ಮುಚ್ಚಿದರೆ "ಬ". ಹತ್ತು ಸಲ ಮುಚ್ಚಿ ತೆರೆದೆ, ಮನೆಯವಳು ಕಣ್ಣಿಗೆ ಏನಾಯ್ತು ಅಂತ ಕೇಳಿದಳು. ಅದಿರಲಿ ಅಕ್ಕ, ಆಯಿಯ ಕಿವಿ ಒಮ್ಮೆ ಪರೀಕ್ಷೆ ಮಾಡಿಸಿ. ಕಿವಿ ಎಷ್ಟು ಮಂದ ಅಂತ ಗೊತ್ತಾಗದ ಹಾಗೆ ಕಣ್ಣು ಸಂಭಾಳಿಸಿರಬಹುದು.

ಬ್ರಹ್ಮಪುರದ ಹುಡುಗಿ:
ಮಾಸ್ತರ್, ನಿನ್ನೆ ಮತ್ತೆ ಕರೆಂಟ್ ಹೋಯಿತು. "ಮಾಳಿಗೆಗೆ ಹಾಸಿಗೆ ಒಯ್ಯಲಾ?" ಅಂದೆ. "ನಾಳೆಗ್ಯಾಕೆ, ಈಗಲೇ ಒಯ್ಯಿ" ಅಂದಳು. ನೋಡಿ, ಅದೇ ಮ, ಅದೇ ನ! ಮೊಬೈಲ್ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದುಕೊಂಡು, ಅಷ್ಟೇ ಮೆಲ್ಲಗೆ ಇನ್ನೊಮ್ಮೆ ಕೇಳಿದೆ. "ಮಾಳಿಗೆಗಾ? ಮೊದಲೇ ಸರಿಯಾಗಿ ಹೇಳಬಾರದಾ? ಆ ಬೆಳಕು ತೆಗಿ, ದೆವ್ವದ ಥರ ಕಾಣ್ತೀಯ" ಅಂದಳು. ಅಪ್ಪ ಏನೂ ಅನ್ನಲಿಲ್ಲ. ಹಾಸಿಗೆ ಎತ್ತಿಕೊಂಡು ಸುಮ್ನೆ ಮೇಲೆ ಹೋದರು. ಕಿವಿ ಪರೀಕ್ಷೆಗೆ ಸೋಮವಾರ ಹೋಗ್ತೀವಿ.