ಸಹಾಯ ಬೇಕು: ಅಮೆರಿಕದ ಹಳೆಯ ಸಾಹಿತ್ಯದಲ್ಲಿ ಪಾಪ ಮತ್ತು ಗುಲಾಮಗಿರಿ

ಎಲ್ಲರಿಗೂ ನಮಸ್ಕಾರ. ಎಂ.ಎ. ಸೆಮಿನಾರ್‌ಗೆ ಓದುತ್ತಿದ್ದೇನೆ. ಅಮೆರಿಕದ ಸೇಲಂ ಊರಿನಲ್ಲಿ ಮಾಟ ಮಾಡಿದರೆಂದು ಜನರ ಮೇಲೆ ನಡೆಸಿದ ವಿಚಾರಣೆಯಲ್ಲಿ ಜಡ್ಜ್ ಆಗಿದ್ದ ಸ್ಯಾಮ್ಯುಯೆಲ್ ಸೂವಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡರು. 1700ರಲ್ಲಿ, ಅಣ್ಣಂದಿರೇ ಗುಲಾಮನಾಗಿ ಮಾರಿದ ಬೈಬಲ್‌ನ ಯೋಸೇಫನ ಕಥೆ ಹಿಡಿದು, ಮನುಷ್ಯರನ್ನು ಕದ್ದು ಮಾರುವುದು ಘೋರ ಅಪರಾಧ ಎಂದು ಬರೆದರು. ಆದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥೆಯಲ್ಲಿ ಧಣಿ ಅದೇ ಬೈಬಲ್‌ನ ಬೇರೊಂದು ವಾಕ್ಯ ಹೇಳುತ್ತಾ, ಕುಂಟುವ ಹುಡುಗಿಯೊಬ್ಬಳಿಗೆ ರಕ್ತ ಸುರಿಯುವಂತೆ ಚಾಟಿಯಲ್ಲಿ ಹೊಡೆಯುತ್ತಾನೆ. ಆ ಪುಟ ದಾಟಲು ನನಗೆ ತುಂಬಾ ಹೊತ್ತು ಬೇಕಾಯಿತು.

ಗುಲಾಮಗಿರಿಯನ್ನು ಇವತ್ತಿಗೂ ಅಮೆರಿಕದ ‘ಮೂಲ ಪಾಪ’ (original sin) ಎನ್ನುತ್ತಾರೆ; ಕ್ರೈಸ್ತ ನಂಬಿಕೆಯಲ್ಲಿ ಇದು ಆದಾಮನಿಂದ ಎಲ್ಲರಿಗೂ ಹುಟ್ಟಿನಿಂದಲೇ ಬರುವ ಪಾಪ. ಹಾಗೆಂದರೆ ಮಾಡಿದವರ ಹೊಣೆ ಹಗುರವಾಗುತ್ತದೆ ಅಲ್ವಾ? ನಮ್ಮ ‘ಪಾಪ’ದಲ್ಲಂತೂ ಕರ್ಮವೂ ಇದೆ, ‘ಅಯ್ಯೋ ಪಾಪ’ ಎನ್ನುವ ಕನಿಕರವೂ ಇದೆ. ಇಂಗ್ಲಿಷಿನ ‘sin’ಗೆ ಬೇರೆ ಯಾವ ಪದ ಬಳಸಲಿ? ಈ ಬಗ್ಗೆ ಕನ್ನಡದ ಲೇಖನ ಯಾವುದಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.